ಬೆಂಚಿನಡಿಯ ಹನ್ನೆರಡು ಸ್ವಸ್ತಿಕ

ಬೆಳಗಿನ ಐದೂವರೆ. ಶೆಡ್ಡಿನ ತಗಡಿನ ಬಾಗಿಲು ಇನ್ನೂ ಅರ್ಧವೇ ತೆರೆದಿದೆ. ಒಳಗೆ ನೀರಿನ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತ ಹೆಂಗಸೊಬ್ಬರು ನಿನ್ನೆ ಮುಳುಗಿಸಿಟ್ಟ ಸಿಮೆಂಟ್ ಟೈಲುಗಳನ್ನು ಒಂದೊಂದಾಗಿ ಮೇಲೆತ್ತುತ್ತಾರೆ. ಎತ್ತಿದ್ದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ಕುಟ್ಟುತ್ತಾರೆ. ಠಣ್ ಎಂದರೆ ಬಲಗಡೆಗೆ, ಬೊದ್ ಎಂದರೆ ಎಡಗಡೆಗೆ. ಎಡಗಡೆಗೆ ಹೋದದ್ದನ್ನು ಇನ್ನೊಮ್ಮೆ ಕುಟ್ಟುತ್ತಾರೆ, ಬಲಗಡೆಗೆ ಹೋದದ್ದನ್ನೂ ಇನ್ನೊಮ್ಮೆ ಕುಟ್ಟುತ್ತಾರೆ. ತಮ್ಮ ಕಿವಿಯ ಮೇಲೆಯೇ ಅವರಿಗೆ ಪೂರ್ತಿ ನಂಬಿಕೆಯಿಲ್ಲ.

ಊರು ಅವರನ್ನು 'ಅನುಮಾನದಕ್ಕ' ಎಂದೇ ಕರೆಯುತ್ತದೆ. ಎದುರಿಗೆ ಹಾಗೆ ಕರೆದರೂ ಅವರಿಗೆ ಬೇಸರವಿಲ್ಲ. ವಯಸ್ಸು ಅರವತ್ತೊಂದು. ಮರಳು ಬಂದರೆ ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಅಲ್ಲಾಡಿಸಿ, ಮಣ್ಣೆಷ್ಟು ಮರಳೆಷ್ಟು ಎಂದು ನೋಡುವವರೆಗೆ ಲಾರಿಯವನನ್ನು ಕದಲಗೊಡುವುದಿಲ್ಲ. ಬರೆಯಲೆಂದು ಪುಸ್ತಕ ಹಿಡಿದು ಬಂದವರನ್ನೂ ಬಿಡಲಿಲ್ಲ. ಮೊದಲು ಗುರುತಿನ ಚೀಟಿ ಕೇಳಿದರು, ಆಮೇಲೆ ಪತ್ರಿಕೆಯ ಕಚೇರಿಗೆ ಫೋನು ಹಚ್ಚಿ ಇಂಥವರು ನಿಮ್ಮವರು ಹೌದೋ ಅಲ್ಲವೋ ಎಂದು ವಿಚಾರಿಸಿದರು. ಹೌದೆಂಬ ಉತ್ತರ ಬಂದ ಮೇಲೂ ಮುಖ ಸಡಿಲಾಗಲಿಲ್ಲ. "ಬರ್ಕೊಳಿ. ಆದ್ರೆ ನಾನು ಹೇಳದೇ ಇದ್ದದ್ದು ಪೇಪರಲ್ಲಿ ಬಂದ್ರೆ ಸೀದಾ ನಿಮ್ಮ ಆಫೀಸಿಗೇ ಬರ್ತೀನಿ" ಎಂದರು. ಅದು ಬರಿಯ ಬೆದರಿಕೆಯಾಗಿರಲಿಲ್ಲ ಎಂಬುದು ಮುಂದೆ ಓದಿದರೆ ಗೊತ್ತಾಗುತ್ತದೆ.

ಕೈಯಿಂದ ಬಣ್ಣದ ಸಿಮೆಂಟ್ ಟೈಲು ಒತ್ತುವ ಶೆಡ್ಡು ಈ ಸುತ್ತಿನಲ್ಲಿ ಇದೊಂದೇ ಉಳಿದಿದೆ. ಗಂಡನ ಅಜ್ಜ ಶುರು ಮಾಡಿದ್ದು, ಮಾವ ನಡೆಸಿದ್ದು, ಈಗ ಗಂಡ ಹೆಂಡತಿ ಇಬ್ಬರೇ ಎಳೆಯುತ್ತಿರುವುದು. ಕೆಲಸ ನೋಡಲು ಸುಲಭ. ನಯವಾದ ಉಕ್ಕಿನ ತಟ್ಟೆಯ ಮೇಲೆ ಒಂದು ಚೌಕಟ್ಟು, ಚೌಕಟ್ಟಿನೊಳಗೆ ಹಿತ್ತಾಳೆ ಪಟ್ಟಿಯ ಅಚ್ಚು. ಅಚ್ಚಿನ ಒಂದೊಂದು ಮನೆಗೆ ಒಂದೊಂದು ಬಣ್ಣದ ಸಿಮೆಂಟು ನೀರನ್ನು ಪುಟ್ಟ ಸೌಟಿನಲ್ಲಿ ಸುರಿಯಬೇಕು. ಆಮೇಲೆ ಉಸಿರು ಬಿಗಿಹಿಡಿದು ಅಚ್ಚನ್ನು ನೇರವಾಗಿ ಮೇಲೆತ್ತಬೇಕು. ಕೈ ಒಂದು ಕೂದಲೆಳೆಯಷ್ಟು ಅಲ್ಲಾಡಿದರೂ ಕಪ್ಪು ಹೋಗಿ ಬಿಳಿಗೆ ಸೇರುತ್ತದೆ. ಮೇಲೆ ಒಣ ಸಿಮೆಂಟು ಉದುರಿಸಿ, ಗಾರೆ ತುಂಬಿ, ಮುಚ್ಚಳ ಹಾಕಿ ಪ್ರೆಸ್ಸಿನಡಿ ತಳ್ಳಿದರೆ ಗಂಡ ಸನ್ನೆಕೋಲು ಎಳೆಯುತ್ತಾರೆ. ಒಂದು ಟೈಲಿಗೆ ಐದಾರು ನಿಮಿಷ, ದಿನಕ್ಕೆ ಅರವತ್ತು, ಒಂದೊಂದೂ ಹೆಚ್ಚುಕಡಿಮೆ ಎರಡು ಕಿಲೋ. ಒಂದು ದಿನ ನೀರಲ್ಲಿ, ಮೂರು ವಾರ ನೆರಳಲ್ಲಿ ಇಟ್ಟ ಮೇಲೆಯೇ ಹೊರಗೆ ಕಳಿಸುವುದು. ಅನುಮಾನದಕ್ಕನ ಬಲಗೈ ಮಣಿಕಟ್ಟು ಚಳಿಗಾಲದಲ್ಲಿ ಸರಿಯಾಗಿ ಮಡಚುವುದಿಲ್ಲ. ಬೆರಳ ಸಂದುಗಳಲ್ಲಿ ಸಿಮೆಂಟು ತಿಂದ ಗಾಯಗಳು ಒಣಗುವುದೂ ಇಲ್ಲ. ಔಷಧ ಯಾಕೆ ಹಚ್ಚುವುದಿಲ್ಲ ಎಂದರೆ ಅದರಲ್ಲಿ ಏನು ಬೆರೆಸಿರುತ್ತಾರೋ ಎನ್ನುತ್ತಾರೆ.

ಈ ಕೆಲಸದಲ್ಲಿ ಗಮನಿಸಬೇಕಾದದ್ದು ಒಂದಿದೆ. ಟೈಲಿನ ಮುಖ ಕೆಳಗಿರುತ್ತದೆ, ಒತ್ತುವವರು ನೋಡುವುದು ಅದರ ಬೆನ್ನು. ಹಾಗಾಗಿ ಅಚ್ಚಿನಲ್ಲಿ ಎಲ್ಲವೂ ಉಲ್ಟಾ ಕಾಣುತ್ತದೆ. ಬಲಕ್ಕಿರಬೇಕಾದ ಹೂವು ಎಡಕ್ಕೆ, ಎಡಕ್ಕಿರಬೇಕಾದ ಬಳ್ಳಿ ಬಲಕ್ಕೆ. ಹಳಬರ ಕಣ್ಣಿಗೆ ಇದು ಅಭ್ಯಾಸ.

ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ನೂರಮೂವತ್ತಕ್ಕೂ ಹೆಚ್ಚು ಅಚ್ಚುಗಳಿವೆ. ಹೂವು, ನಕ್ಷತ್ರ, ಜೇಡರ ಬಲೆ, ಅಲೆ. ಕೇಳಿದವರಿಗೆಲ್ಲ ತೆಗೆದು ತೋರಿಸುತ್ತಾರೆ. ಒಂದು ಅಚ್ಚು ಮಾತ್ರ ಗೋಣಿಚೀಲ ಸುತ್ತಿಕೊಂಡು ತಳದಲ್ಲಿ ಮಲಗಿದೆ. ಅದು ಸ್ವಸ್ತಿಕದ್ದು.

ಈ ಗುರುತಿನ ಕಥೆಯನ್ನು ಅನುಮಾನದಕ್ಕ ಓದಿ ತಿಳಿದವರಲ್ಲ, ಕೇಳಿ ಕೇಳಿ ತಿಳಿದವರು. ಮಣ್ಣು ಅಗೆದು ಹಳೆಯದನ್ನು ಹುಡುಕುವ ಪ್ರೊಫೆಸರೊಬ್ಬರು ಟೈಲು ನೋಡಲು ಬಂದಾಗ, ಹತ್ತು ಸಾವಿರ ವರ್ಷಕ್ಕೂ ಹಿಂದಿನ ದಂತದ ಹಕ್ಕಿಯ ಮೇಲೆ ಇಂಥದೇ ಮುರಿದ ಗೆರೆಗಳಿವೆ ಎಂದು ಹೇಳಿದ್ದರಂತೆ. ಸಿಂಧೂ ಬಯಲಿನ ಮುದ್ರೆಗಳ ಮೇಲಿದೆ, ಗ್ರೀಕರ ಮಡಕೆಗಳ ಮೇಲಿದೆ, ರೋಮನ್ನರ ನೆಲಗಳ ಮೇಲಿದೆ, ಬುದ್ಧನ ಎದೆಯ ಮೇಲಿದೆ. ಒಬ್ಬರಿಗೆ ಸೂರ್ಯ, ಒಬ್ಬರಿಗೆ ನಾಲ್ಕು ದಿಕ್ಕು, ಇನ್ನೊಬ್ಬರಿಗೆ ಬರಿಯ ಅಂದದ ಅಂಚು. ಹೆಸರಿನಲ್ಲೇ ಒಳ್ಳೆಯದಾಗಲಿ ಎಂಬ ಹಾರೈಕೆಯಿದೆ. ನೂರು ವರ್ಷದ ಹಿಂದೆ ಇದನ್ನು ಅದೃಷ್ಟದ ಗುರುತೆಂದು ಶುಭಾಶಯ ಪತ್ರಗಳ ಮೇಲೆ ಅಚ್ಚು ಹಾಕಿ ಕಳಿಸುತ್ತಿದ್ದ ದೇಶಗಳೂ ಇದ್ದವು. ಆಮೇಲೆ ನಾಜಿಗಳು ಬಂದರು, ಕೆಂಪು ಬಾವುಟದ ನಡುವೆ ಇದನ್ನು ಓರೆಯಾಗಿ ನಿಲ್ಲಿಸಿದರು. ಲಕ್ಷಗಟ್ಟಲೆ ಜನರನ್ನು ಈ ಬಾವುಟದಡಿಯಲ್ಲೇ ಕೊಂದರು. "ಹತ್ತು ಸಾವಿರ ವರ್ಷ ಗಳಿಸಿದ ಹೆಸರನ್ನ ಇಪ್ಪತ್ತೈದೇ ವರ್ಷದಲ್ಲಿ ಕಳೆದುಬಿಟ್ರು" ಎನ್ನುತ್ತಾರೆ ಅನುಮಾನದಕ್ಕ. ಇಷ್ಟು ತಿಳಿದ ಮೇಲೂ ಆ ಅಚ್ಚನ್ನು ಗೋಣಿಚೀಲದಲ್ಲಿ ಸುತ್ತಿಟ್ಟಿರಲಿಲ್ಲ. ಸುತ್ತಿದ್ದು ಹನ್ನೊಂದು ವರ್ಷದ ಹಿಂದೆ.

ಆಗ ಇಸ್ತ್ರಿ ಅಂಗಿಯ ಗಿರಾಕಿಯೊಬ್ಬ ಬಂದು, ಹೊಸ ಮನೆಯ ಹೊಸಿಲ ಮುಂದೆ ಹಾಕಲು ಒಂದು ಸ್ವಸ್ತಿಕದ ಟೈಲು ಬೇಕೆಂದ. ಮಾತು ಮೃದುವಾಗಿತ್ತು. ಒತ್ತಿಕೊಟ್ಟರು. ಅವನು ಟೈಲು ಒಯ್ದು ವಾರ ಕಳೆಯುವುದರೊಳಗೆ ಪೇಟೆಬೀದಿಯಲ್ಲಿ ನಡೆದುಹೋಗುವಾಗ ಅದೇ ಟೈಲು ಕಣ್ಣಿಗೆ ಬಿತ್ತು. ಗಡಿಯಾರ ರಿಪೇರಿ ಅಂಗಡಿಯ ಎದುರಿನ ಗೋಡೆಯಲ್ಲಿ, ಅಂಗಡಿಯಾಕೆ ಕೂರುವ ಕುರ್ಚಿಗೆ ನೇರ, ಆ ಬಾವುಟದಲ್ಲಿರುವ ಹಾಗೆಯೇ ಓರೆಯಾಗಿ ಮೆತ್ತಿದ್ದರು. ಗಡಿಯಾರದಮ್ಮನೆಂದರೆ ಊರಿಗೆಲ್ಲ ಗೊತ್ತು. ಆಕೆಯ ತಾಯಿ ಹದಿನಾರನೇ ವಯಸ್ಸಿನಲ್ಲಿ ಆ ಬಾವುಟದವರಿಂದ ತಪ್ಪಿಸಿಕೊಂಡು ಒಂಟಿಯಾಗಿ ಈ ಊರಿಗೆ ಬಂದಿಳಿದವರು. ಮನೆಯವರಲ್ಲಿ ಉಳಿದ ಯಾರೂ ಬದುಕಲಿಲ್ಲ.

ಅನುಮಾನದಕ್ಕ ಮನೆಗೆ ಹೋಗಿ ಉಳಿ ಸುತ್ತಿಗೆ ತಂದು, ನಡುಬೀದಿಯಲ್ಲಿ ನಿಂತು ಟೈಲನ್ನು ಕಿತ್ತರು. ಸುತ್ತ ಜನ ಸೇರಿತು, ಯಾರೂ ಕೈ ಹಾಕಲಿಲ್ಲ. ಕಿತ್ತಾದ ಮೇಲೆ ಗಡಿಯಾರದಮ್ಮ ಅಂಗಡಿಯೊಳಗಿಂದಲೇ ಇದನ್ನು ಮಾಡಿದ್ದು ಯಾರೆಂದು ಕೇಳಿದರು. ಮೆತ್ತಿದ್ದು ಯಾರೆಂದು ಕೇಳಿದ್ದರೆ ಗೊತ್ತಿಲ್ಲ ಎನ್ನಬಹುದಿತ್ತು. "ನಾನೇ" ಎಂದರು ಅನುಮಾನದಕ್ಕ. ಬದುಕಿನಲ್ಲಿ ಅಷ್ಟು ಭಾರದ ಮಾತು ಇನ್ನೊಂದನ್ನು ಆಡಿಲ್ಲವಂತೆ.

ಅಂದಿನಿಂದ ಆ ಅಚ್ಚು ಬೇಕೆಂದವರಿಗೆ ಮೂರು ಪ್ರಶ್ನೆ. ಎಲ್ಲಿ ಹಾಕುತ್ತೀರಿ, ಯಾರು ನೋಡುತ್ತಾರೆ, ನೋಡಿದವರಿಗೆ ಏನನ್ನಿಸಲಿ ಅಂತ ಹಾಕುತ್ತೀರಿ? ಮೂರನೆಯದಕ್ಕೆ ತಡವರಿಸಿದವರಿಗೆ ಟೈಲಿಲ್ಲ. ತಡವರಿಸದವರ ಮನೆಗೂ ತಾವೇ ಹೋಗಿ, ಕಣ್ಣೆದುರಿಗೆ ಕೂರಿಸಿ ಬರುತ್ತಾರೆ. ಹೆಣ್ಣು ಕೊಡುವಾಗಲೂ ಯಾರೂ ಇಷ್ಟೊಂದು ವಿಚಾರಿಸುವುದಿಲ್ಲ ಎಂದು ಗಂಡ ಛೇಡಿಸುತ್ತಾರೆ. ಹೋದ ಗಿರಾಕಿಗಳ ಬಗ್ಗೆ ಮಾತ್ರ ಒಂದು ದಿನವೂ ಗೊಣಗಿಲ್ಲ.

ಹೀಗಿರುವಾಗ ಕಳೆದ ವರ್ಷ ರೈಲು ನಿಲ್ದಾಣದಿಂದ ಬೇಡಿಕೆ ಬಂತು. ನಿಲ್ದಾಣದ ಹಳೆಯ ಕಾಯುವ ಕೋಣೆಯ ನೆಲ ಇದೇ ಶೆಡ್ಡಿನದು. ಅಜ್ಜ ಒತ್ತಿ ತಾವೇ ಹಾಸಿ ತೊಂಬತ್ತು ವರ್ಷವಾಗಿದೆ. ನೆಲದ ಸುತ್ತ ಅಂಚಿಗೆ ಸ್ವಸ್ತಿಕದ ಸಾಲು. ನೀರಿನ ಪೈಪು ಸರಿಮಾಡಲು ಅಗೆದವರು ಬಾಗಿಲ ಹತ್ತಿರ ಅಂಚಿನ ನಲವತ್ತಾರು ಟೈಲು ಪುಡಿ ಮಾಡಿದ್ದರು. ಹಳೆಯ ಕಟ್ಟಡ ಉಳಿಸುವ ಸಮಿತಿಯವರಿಗೆ ಅದೇ ಅಚ್ಚಿನಲ್ಲಿ ಅಷ್ಟೂ ಟೈಲು ಬೇಕಿತ್ತು. ಮೂರು ಪ್ರಶ್ನೆಗೂ ಉತ್ತರ ಸಿಕ್ಕಿತೆಂದು ಅನುಮಾನದಕ್ಕ ಒಪ್ಪಿಕೊಂಡರು.

ಆದರೆ ಅಗೆಯುವುದಕ್ಕಾಗಿ ಮೂಲೆಯ ಉದ್ದನೆಯ ಮರದ ಬೆಂಚನ್ನು ಸರಿಸಿದಾಗ ಅದರಡಿ ಹನ್ನೆರಡು ಟೈಲು ಬೇರೆಯಾಗಿ ಕಂಡವು. ಕೋಣೆಯ ಸ್ವಸ್ತಿಕಗಳೆಲ್ಲ ಬಲಕ್ಕೆ ತಿರುಗಿದ್ದರೆ ಇವು ಎಡಕ್ಕೆ ತಿರುಗಿದ್ದವು. ಸಮಿತಿಯಲ್ಲಿ ಇತಿಹಾಸದ ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತರು, ಪುರಸೊತ್ತಿರುವವರು. ಅವರು ಪತ್ರಿಕೆಗೆ ಅರ್ಧ ಪುಟ ಬರೆದರು. ನೆಲ ಹಾಸಿದ್ದು ದೂರದಲ್ಲಿ ಆ ಬಾವುಟ ಹಾರುತ್ತಿದ್ದ ವರ್ಷಗಳಲ್ಲಿ. ಹನ್ನೆರಡನ್ನು ಮಾತ್ರ ತಿರುಗಿಸಿ ಬೆಂಚಿನಡಿ ಅಡಗಿಸಿದ್ದು ಆಕಸ್ಮಿಕವಿರಲಾರದು. ಟೈಲು ಮಾಡಿದವನು ಯಾವುದೋ ಗುಟ್ಟಿನ ಕೂಟಕ್ಕೆ ಸೇರಿದವನಿರಬೇಕು. ಹನ್ನೆರಡು ಎಂಬುದು ಕೂಟದ ಸದಸ್ಯರ ಲೆಕ್ಕವಿರಬಹುದು. 'ಇರಬೇಕು', 'ಇರಬಹುದು' ಎಂಬ ಎರಡು ಮಾತಿನ ಮೇಲೆ ಎಷ್ಟು ದೊಡ್ಡ ಮನೆ ಕಟ್ಟಬಹುದೆಂಬುದಕ್ಕೆ ಆ ಬರಹವನ್ನು ಮಾದರಿಯಾಗಿ ಇಡಬಹುದು.

ಊರು ಎರಡಾಯಿತು. ಎಡಕ್ಕೆ ತಿರುಗಿದ್ದೇ ಕೊಲೆಗಡುಕರದು ಎಂದು ಕೆಲವರು, ಅಲ್ಲ ಬಲಕ್ಕೆ ತಿರುಗಿದ್ದು ಎಂದು ಕೆಲವರು. ಆ ಬಾವುಟದ್ದು ಬಲಕ್ಕೇ ತಿರುಗಿತ್ತು, ಬುದ್ಧನ ಗುಡಿಗಳಲ್ಲಿ ಎಡಕ್ಕೆ ತಿರುಗಿದ್ದೇ ಹೆಚ್ಚು ಕಡೆ ರೂಢಿ, ಎರಡೂ ಶುಭವೆಂದು ಪೂಜೆಗೊಂಡ ಕಡೆಗಳಿವೆ ಎಂಬುದು ಯಾರಿಗೂ ಬೇಕಿರಲಿಲ್ಲ. ಕೊನೆಗೆ ಸಮಿತಿ ಚೀಟಿ ಕಳಿಸಿತು. ಇಪ್ಪತ್ತನೇ ತಾರೀಖಿನೊಳಗೆ ಆ ಹನ್ನೆರಡು ಟೈಲಿಗೆ ವಿವರಣೆ ಬರಬೇಕು, ಬರದಿದ್ದರೆ ಇಡೀ ಅಂಚು ಕಿತ್ತು ಗ್ರಾನೈಟು.

ಅನುಮಾನದಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅನುಮಾನ. ಗಂಡನ ಅಜ್ಜನನ್ನು ಅವರು ಕಂಡಿಲ್ಲ, ಗೋಡೆಯ ಫೋಟೋದಲ್ಲಿ ನೋಡಿದ್ದಷ್ಟೇ. ಆ ಫೋಟೋ ಕೆಳಗಿಳಿಸಿ, ಕೋಟಿನ ಮೇಲೆ ಏನಾದರೂ ಬಿಲ್ಲೆ ಇದೆಯೇ ಎಂದು ಭೂತಗನ್ನಡಿ ಹಿಡಿದು ಗುಂಡಿ ಗುಂಡಿಯನ್ನೂ ನೋಡಿದರು. ಹಳೆಯ ಕಾಗದಪತ್ರ ಜಾಲಾಡಿದರು. ಗಂಡ ಮೂರು ದಿನ ಮಾತು ಬಿಟ್ಟರು. "ಗ್ರಾನೈಟ್ ಹಾಕಿದ್ರೆ ಹಾಕ್ಲಿ, ಅದಕ್ಕೆ ನಾನು ಹೆದರ್ಲಿಲ್ಲ. ನಾನು ತಿಂದ ಅನ್ನ ಅಂಥೋರ ಮನೇದಾ ಅನ್ನೋದೇ ಒಳಗೆ ಕೊರೀತಿತ್ತು" ಎನ್ನುತ್ತಾರೆ. ನಿಜವೆಂದಾದರೆ ಅಚ್ಚನ್ನು ಕರಗಿಸಿ, ಗಡಿಯಾರದಮ್ಮನ ಹತ್ತಿರ ತಾವೇ ಹೋಗಿ ಹೇಳುವುದೆಂದು ತೀರ್ಮಾನಿಸಿದ್ದರು.

ಟೈಲಿನ ಸಂಗತಿ ಟೈಲಿನ ಬೆನ್ನಿಗೆ ಗೊತ್ತಿರುತ್ತದೆ ಎಂಬುದು ಒತ್ತುವವರ ನಂಬಿಕೆ. ಒಂದನ್ನು ಎಬ್ಬಿಸಿ ನೋಡಲು ಸಮಿತಿಯ ಅಪ್ಪಣೆ ಪಡೆದರು. ಮೊದಲ ರೈಲು ಬರುವ ಮುಂಚೆ, ಬೆಳಗ್ಗೆ ಐದಕ್ಕೆ, ಮೇಷ್ಟ್ರು ಬಂದರು, ಗಂಡ ಬಂದರು. ಗಡಿಯಾರದಮ್ಮನನ್ನು ಕರೆದದ್ದು ಸ್ವತಃ ಅನುಮಾನದಕ್ಕ. ಕೆಟ್ಟದ್ದು ಹೊರಬೀಳುವುದಿದ್ದರೆ ಬೇರೆಯವರ ಬಾಯಿಂದ ಆಕೆಗೆ ತಿಳಿಯಬಾರದು ಎಂದು. ಗಡಿಯಾರದಮ್ಮ ಬಾಗಿಲಾಚೆ ಪ್ಲಾಟ್‌ಫಾರಂ ಮೇಲೆಯೇ ನಿಂತರು, ಒಳಗೆ ಕಾಲಿಡಲಿಲ್ಲ.

ತೆಳುವಾದ ಉಳಿಯಿಂದ ಸಂದು ಬಿಡಿಸಿ, ಮುರಿಯದ ಹಾಗೆ ಎತ್ತಲು ಮುಕ್ಕಾಲು ಗಂಟೆ ಹಿಡಿಯಿತು. ಬೆನ್ನಿಗಂಟಿದ್ದ ಸುಣ್ಣದ ಗಾರೆ ಕೆರೆದಾಗ ಎರಡು ಗೀರು ಕಂಡವು. ಈ ಶೆಡ್ಡಿನಲ್ಲಿ ಒತ್ತಿದವರು ತಮ್ಮ ಲೆಕ್ಕಕ್ಕೆಂದು ಹಸಿ ಬೆನ್ನಿಗೆ ಉಗುರಿನ ಗೀರು ಹಾಕುವುದುಂಟು. ಒಡೆದ ನಲವತ್ತಾರರ ಚೂರುಗಳ ಬೆನ್ನಿಗೆ ಇದ್ದದ್ದು ಒಂದೇ ಗೀರು, ಅಜ್ಜನದು. ಇದು ಯಾರದು?

ಮೂರು ದಿನ ಮಾತು ಬಿಟ್ಟಿದ್ದ ಗಂಡ ಆಗ ಬಾಯಿ ಬಿಟ್ಟರು. "ಇದು ಅಜ್ಜೀದು" ಎಂದರು. ಹಿತ್ತಲಿನ ಬಟ್ಟೆ ಒಗೆಯುವ ಜಾಗಕ್ಕೆ ಹಳೆಯ ಟೈಲುಗಳನ್ನು ಕಾಲು ಜಾರದಿರಲೆಂದು ಬೆನ್ನು ಮೇಲೆ ಮಾಡಿ ಹಾಸಿದ್ದರಂತೆ. ಒಂದು ಗೀರಿನವು ಅಜ್ಜನವು, ಎರಡು ಗೀರಿನವು ತನ್ನವು ಎಂದು ಅಜ್ಜಿ ಅದರ ಮೇಲೆ ಮೊಮ್ಮಗನಿಗೆ ಒಂದು ಎರಡು ಹೇಳಿಕೊಟ್ಟಿದ್ದರಂತೆ. ಅಜ್ಜಿ ಟೈಲು ಒತ್ತುತ್ತಿದ್ದರು ಎಂಬುದೇ ಈ ಮನೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ಗೋಡೆಯ ಮೇಲೆ ಅವರದೊಂದು ಫೋಟೋ ಕೂಡ ಇಲ್ಲ.

ಗಂಡನ ಮುಖ ಅರಳಿತು. ಹೆಂಡತಿಯದು ಅರಳಲಿಲ್ಲ. "ಅಜ್ಜಿ ಆದ್ರೇನು? ಹೆಂಗಸ್ರು ಕೆಟ್ಟೋರಾಗಬಾರ್ದು ಅಂತಿದ್ಯಾ?" ಎಂದು ಕೇಳಿ, ಉಳಿದ ಹನ್ನೊಂದನ್ನೂ ಎಬ್ಬಿಸಲು ಕುಳಿತರು. ಎಲ್ಲದರ ಬೆನ್ನಿಗೂ ಎರಡು ಗೀರು. ಅಷ್ಟಕ್ಕೂ ತೃಪ್ತಿಯಾಗದೆ ಸಾಲಿನಲ್ಲಿ ಮುಂದಿದ್ದ ಹದಿಮೂರನೆಯದನ್ನೂ ಎಬ್ಬಿಸಿದರು. ಅದು ಕೋಣೆಯ ಉಳಿದೆಲ್ಲದರಂತೆ ಬಲಕ್ಕೆ ತಿರುಗಿದ ಟೈಲು. ಅದರ ಬೆನ್ನಿಗೂ ಎರಡೇ ಗೀರು! ಅನುಮಾನದಕ್ಕ ಅದನ್ನು ಸೆರಗಿನಿಂದ ಒರೆಸಿ, ಎಡಕ್ಕೆ ತಿರುಗಿದ ಒಂದರ ಪಕ್ಕ ಹಿಡಿದು ನೋಡಿದರು. ಆಮೇಲೆ ಎದ್ದು, ಎಲ್ಲರೂ ಶೆಡ್ಡಿಗೆ ಬರಬೇಕೆಂದರು.

ಶೆಡ್ಡಿನಲ್ಲಿ ಗೋಣಿಚೀಲ ಬಿಚ್ಚಿದರು. ಬೇರೆ ಅಚ್ಚುಗಳಿಗೆ ಮೇಲೆ ಹಿಡಿಯಿದೆ, ಹಾಗಾಗಿ ಮಗುಚಿ ಇಡಲು ಬರುವುದಿಲ್ಲ. ಈ ಹಳೆಯ ಅಚ್ಚಿಗೆ ಹಿಡಿಯಿಲ್ಲ, ಎರಡೂ ಕಡೆ ಒಂದೇ ಸಮ. ಒಂದು ಕಡೆಯ ಅಂಚಿನಲ್ಲಿ ಮಾತ್ರ ಅರದಿಂದ ಉಜ್ಜಿದ ಕಚ್ಚಿದೆ. ಕಚ್ಚು ಮೇಲೆ ಬರಬೇಕೆಂದು ಅತ್ತೆ ಹೇಳಿಕೊಟ್ಟಿದ್ದರು, ಯಾಕೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಎಲ್ಲವನ್ನೂ ಕೇಳುವ ಅನುಮಾನದಕ್ಕ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು. ಈಗ ಅಚ್ಚನ್ನು ಕಚ್ಚು ಮೇಲೆ ಬರುವಂತೆ ಚೌಕಟ್ಟಿನಲ್ಲಿಟ್ಟು, ಇದು ಹೇಗೆ ಕಾಣುತ್ತದೆ ಎಂದು ಮೇಷ್ಟ್ರನ್ನು ಕೇಳಿದರು. ಉಲ್ಟಾ ಕಾಣುತ್ತದೆ, ಎಡಕ್ಕೆ ತಿರುಗಿದೆ ಎಂದರು ಮೇಷ್ಟ್ರು. ಸರಿಯಾಗಿ ಕಾಣುವ ಹಾಗೆ ನೀವೇ ಇಡಿ ಎಂದಾಗ ಮೇಷ್ಟ್ರು ಮಗುಚಿ ಇಟ್ಟರು. ಅನುಮಾನದಕ್ಕ ಅದರಲ್ಲೇ ಬಣ್ಣ ಸುರಿದು, ಗಾರೆ ತುಂಬಿ, ಒತ್ತಿ, ಟೈಲನ್ನು ಹೊರತೆಗೆದು ಮುಖ ಮೇಲೆ ಮಾಡಿದರು. ಎಡಕ್ಕೆ ತಿರುಗಿದ ಹದಿಮೂರನೇ ಸ್ವಸ್ತಿಕ ಮೇಷ್ಟ್ರ ಕೈಯಿಂದಲೇ ಆಗಿತ್ತು.

"ಹೊಸಬರು ಮಾಡೋ ತಪ್ಪು ಇದು. ಅಚ್ಚು ಉಲ್ಟಾ ಇದೆ ಅನ್ಕೊಂಡು ಸರಿ ಮಾಡೋಕೆ ಹೋಗ್ತಾರೆ" ಎಂದರು ಅನುಮಾನದಕ್ಕ. ಒಂದು ತಪ್ಪಾದ ಮೇಲೆ ಎರಡನೆಯದು ಯಾಕಾಗಬೇಕು, ಹನ್ನೆರಡು ಯಾಕಾಗಬೇಕು ಎಂದು ಮೇಷ್ಟ್ರು ಪಟ್ಟು ಬಿಡಲಿಲ್ಲ. ಅದಕ್ಕೆ ಅನುಮಾನದಕ್ಕ ಅಟ್ಟದಿಂದ ತುಕ್ಕು ಹಿಡಿದ ಉಕ್ಕಿನ ತಟ್ಟೆಗಳ ಕಟ್ಟು ಇಳಿಸಿ ಮುಂದಿಟ್ಟರು. ಆಗಿನ ಕೈಪ್ರೆಸ್ಸಿನ ಒತ್ತು ಕಡಿಮೆ. ಒತ್ತಿದ ಟೈಲನ್ನು ಕೂಡಲೇ ಎತ್ತಿದರೆ ಕುಸಿಯುತ್ತಿತ್ತು. ತಟ್ಟೆಯ ಮೇಲೆಯೇ ಮುಖ ಕೆಳಗಾಗಿ ಸಂಜೆಯವರೆಗೆ ಬಿಟ್ಟು, ತಟ್ಟೆಗಳೆಲ್ಲ ಮುಗಿದ ಮೇಲೆ ಒಟ್ಟಿಗೆ ತಿರುಗಿಸಿ ನೋಡುತ್ತಿದ್ದರು. ಮೇಷ್ಟ್ರು ತಟ್ಟೆ ಎಣಿಸಿದರು. ಹನ್ನೆರಡಿದ್ದವು.

ಆ ಸಂಜೆ ಹನ್ನೆರಡನ್ನೂ ತಿರುಗಿಸಿದಾಗಲೇ ಅಜ್ಜಿಗೆ ತಪ್ಪು ಕಂಡಿರಬೇಕು. ಮರುದಿನ ಅಚ್ಚಿಗೆ ಕಚ್ಚು ಬಿತ್ತು, ಅಜ್ಜಿ ಒತ್ತಿದ ಹದಿಮೂರನೆಯದು ಸರಿಯಾಗಿ ಬಂತು. ಅಜ್ಜ ಹೆಂಡತಿಯ ಟೈಲುಗಳನ್ನು ಬಿಸಾಡಲಿಲ್ಲ, ಎದ್ದು ಕಾಣುವಲ್ಲಿ ಹಾಕಲೂ ಇಲ್ಲ. ಬೆಂಚು ಬರುವ ಜಾಗ ನೋಡಿ ಹಾಸಿದರು. ಅಲ್ಲಿದ್ದ ಗುಟ್ಟು ಇಷ್ಟೇ. ಮೇಷ್ಟ್ರು ಮರುವಾರ ಪತ್ರಿಕೆಗೆ ಬರೆದು ತಿದ್ದಿಕೊಂಡರು. ಆರೋಪ ಅರ್ಧ ಪುಟ ಬಂದಿತ್ತು, ತಿದ್ದುಪಡಿ ಬೆಂಕಿಪೊಟ್ಟಣದಷ್ಟು ಬಂತು. ಅನುಮಾನದಕ್ಕ ಪತ್ರಿಕೆಯ ಕಚೇರಿಗೆ ಹೋಗಿ, ಅದನ್ನು ಹುಡುಕಲು ತಮ್ಮ ಭೂತಗನ್ನಡಿ ಬೇಕಾಯಿತೆಂದು ಹೇಳಿ ಬಂದಿದ್ದಾರೆ.

ತಟ್ಟೆ ಎಣಿಸಿದ ಆ ದಿನ, ಕಥೆ ಇಲ್ಲಿಗೆ ಮುಗಿಯಿತೆಂದು ಎಲ್ಲರೂ ಎದ್ದಾಗ, ಶೆಡ್ಡಿನ ಬಾಗಿಲಲ್ಲಿ ಅಷ್ಟೂ ಹೊತ್ತು ನಿಂತಿದ್ದ ಗಡಿಯಾರದಮ್ಮ ಮೊದಲ ಬಾರಿಗೆ ಮಾತಾಡಿದರು. "ನಿಮ್ಮಜ್ಜಿ ಹನ್ನೆರಡು ತಪ್ಪು ಮಾಡಿದ್ರು, ಸರಿ. ಉಳಿದವನ್ನ ಸರಿಯಾಗೇ ಮಾಡಿದ್ರಲ್ಲ, ನಮ್ಮಮ್ಮ ಹೆದರಿದ್ದು ಆ ಸರಿಯಾದವನ್ನ ನೋಡಿ."

ತಾಯಿ ಈ ಊರಲ್ಲಿ ರೈಲು ಇಳಿದು ಕಾಯುವ ಕೋಣೆಗೆ ಬಂದ ದಿನ ನೆಲ ಹೊಸದಾಗಿ ಹೊಳೆಯುತ್ತಿತ್ತಂತೆ. ತಲೆ ತಗ್ಗಿಸಿದರೆ ಸುತ್ತ ಅದೇ ಗುರುತು. ಅವರು ಇಲ್ಲಿಗೂ ಬಂದುಬಿಟ್ಟಿದ್ದಾರೆ ಎಂದುಕೊಂಡು ಆ ಹುಡುಗಿ ಸೂಟ್‌ಕೇಸಿನ ಮೇಲೆ ಕಾಲು ಮೇಲೆತ್ತಿ ಕೂತು, ಸಂಜೆಯವರೆಗೆ ಕೆಳಗಿಳಿಯಲಿಲ್ಲವಂತೆ. ಇಲ್ಲಿ ಅದಕ್ಕೆ ಬೇರೆ ಅರ್ಥವಿದೆಯೆಂದು ಆಮೇಲೆ ಯಾರೋ ತಿಳಿಸಿ ಹೇಳಿದರು. ತಲೆಗೆ ತಿಳಿಯಿತು, ಕಾಲಿಗೆ ತಿಳಿಯಲೇ ಇಲ್ಲ. ಸಾಯುವವರೆಗೂ ಆ ಕೋಣೆಯ ಬಾಗಿಲಿಂದ ರೈಲು ಹತ್ತಲಿಲ್ಲ. ಮಗಳೂ ಅಂದಿನವರೆಗೆ ಹತ್ತಿರಲಿಲ್ಲ.

ಅಜ್ಜನ ಮೇಲಿನ ಅಪವಾದ ಕಳೆದಿತ್ತು, ಆದರೆ ಆ ಹುಡುಗಿಯ ಹೆದರಿಕೆ ಅದರಿಂದ ಸುಳ್ಳಾಗುವುದಿಲ್ಲವಲ್ಲ. ಏನು ಮಾಡಲಿ, ಒತ್ತಲೋ ಬೇಡವೋ ಎಂದು ಅನುಮಾನದಕ್ಕ ನೇರವಾಗಿ ಕೇಳಿದರು. ಕೀಳುವುದು ಬೇಡ, ಅದು ಬೇರೆಯವರಿಗೆ ದೇವರು ಎಂದರು ಗಡಿಯಾರದಮ್ಮ. ಹಾಗೆಂದು ಅದನ್ನು ತುಳಿದುಕೊಂಡೋ ದಾಟಿಕೊಂಡೋ ಹೋಗಲು ತನ್ನಿಂದಾಗದು ಎಂದೂ ಹೇಳಿದರು.

ನಲವತ್ತಾರರಲ್ಲಿ ನಲವತ್ತೆರಡನ್ನು ಅನುಮಾನದಕ್ಕ ಸ್ವಸ್ತಿಕದಲ್ಲೇ ಒತ್ತಿದರು. ಬಾಗಿಲಿಗೆ ನೇರವಾಗಿ ಬರುವ ನಾಲ್ಕನ್ನು ಮಾತ್ರ ಯಾವ ಅಚ್ಚೂ ಇಡದೆ ಬರಿಯ ಬೂದುಬಣ್ಣದಲ್ಲಿ ಒತ್ತಿದರು. ಒಬ್ಬರು ಹಾಯಾಗಿ ನಡೆದುಹೋಗುವಷ್ಟು ಅಗಲ. ಮೂಲ ವಿನ್ಯಾಸ ಕೆಡುತ್ತದೆ ಎಂದು ಸಮಿತಿ ಕೊಸರಾಡಿತು. ಹಾಗಿದ್ದರೆ ಬೇರೆ ಶೆಡ್ಡು ಹುಡುಕಿಕೊಳ್ಳಿ ಎಂದರು. ಬೇರೆ ಶೆಡ್ಡು ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕು ಟೈಲು ಒಳಗೆ ಹೋದವು, ಹನ್ನೆರಡು ಟೈಲು ತಮ್ಮ ಬೆಂಚಿನಡಿಗೆ ಮರಳಿದವು.

ಈಗ ಹೊತ್ತು ಏಳಾಗಿದೆ. ತೊಟ್ಟಿ ಖಾಲಿಯಾಗಿದೆ, ಗಂಡ ಪ್ರೆಸ್ಸಿಗೆ ಎಣ್ಣೆ ಬಿಡುತ್ತಿದ್ದಾರೆ. ಏನಾದರೂ ಆಸೆಯಿದೆಯೇ ಎಂದರೆ ಅನುಮಾನದಕ್ಕ ಮೊದಲು ಈ ಪ್ರಶ್ನೆ ಯಾಕೆ ಕೇಳುತ್ತಿದ್ದೀರಿ ಎನ್ನುತ್ತಾರೆ. ಆಮೇಲೆ ಸೌಟು ತೊಳೆಯುತ್ತ, ಮುಖ ತಿರುಗಿಸದೆಯೇ ಹೇಳುತ್ತಾರೆ: "ಇದ್ದದ್ದೊಂದು ಆಗೋಯ್ತು. ಹೋದ ತಿಂಗಳು ಗಡಿಯಾರದಮ್ಮ ರೈಲಿಗೆ ಹೊರಟ್ರು. ನಾನು ಅಲ್ಲೇ ಅಂಚಿಗೆ ಪಾಲಿಶ್ ಹಾಕ್ತಿದ್ದೆ. ಆ ಬಾಗಿಲಿಂದಾನೇ ಬಂದ್ರು, ದಾಟಿ ಹೋದ್ರು. ಹೋಗುವಾಗ ಕೆಳಗೆ ನೋಡಿದ್ರಾ ಇಲ್ವಾ ಅಂತ ಕೇಳ್ಬೇಡಿ. ನಾನು ಮುಖ ಬೇರೆ ಕಡೆ ತಿರುಗಿಸ್ಕೊಂಡಿದ್ದೆ."